ಉದ್ಯಮಿಗಳ ಆರಂಭಕಾಲದಿಂದ ವಿದ್ಯಾರ್ಥಿಗಳು ಕಲಿಯತಕ್ಕದ್ದು

ಕಾಲೇಜಿನಲ್ಲಿ ಓದುತ್ತಿರುವ ತರುಣ ತರುಣಿಯರಲ್ಲಿ, ವ್ಯಾಸಂಗ ಮುಗಿದ ಮೇಲೆ ಅನ್ಯರ ಸೇವೆಗೆ ಸೇರುವುದಕ್ಕಿಂತ ಸ್ವಂತ ಉದ್ಯಮವೊಂದನ್ನು ಸ್ಥಾಪಿಸಬೇಕೆಂಬ ಅಭಿಲಾಷೆ ಈಚಿನ ವರ್ಷಗಳಲ್ಲಿ ವಿಶೇಷವಾಗಿ ಕಂಡುಬರುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಆ ಅಭಿಲಾಷೆಯನ್ನು ಪೋಷಿಸುವ ಸಲುವಾಗಿ ಅವರು ಓದುವ ಉದ್ಯಮಿಗಳ ಚರಿತ್ರೆಗಳಾದರೋ ಬಹುಮಟ್ಟಿಗೆ ಆ ಮಹನೀಯರ ವೈಭವಕಾಲದ ವರ್ಣನೆಗಳಾಗಿರುತ್ತವೆ. ಸಾವಿರಾರು ಕೋಟಿ ರೂಪಾಯಿಗಳ ವಹಿವಾಟು, ದೇಶವಿದೇಶಗಳ ಶಾಖೆಗಳು, ಪ್ರಶಸ್ತಿ ಸನ್ಮಾನಗಳು, ಇವುಗಳ ನಡುವೆ ಆ ಉದ್ಯಮ ಹುಟ್ಟಿದ ಬಗೆ ಎರಡು ಸಾಲುಗಳಲ್ಲಿ ಮುಗಿದುಹೋಗುತ್ತದೆ. ದೊಡ್ಡ ಸಂಸ್ಥೆಯೊಂದರ ಅಧ್ಯಕ್ಷರು ಇಂದು ಏನು ಮಾಡುತ್ತಿರುವರೆಂಬುದರಿಂದ, ಹಾಸ್ಟೆಲಿನ ತಿಂಗಳ ಶುಲ್ಕಕ್ಕೆ ಮನೆಯಿಂದ ಬರುವ ಹಣವನ್ನು ಎದುರುನೋಡುವ ವಿದ್ಯಾರ್ಥಿಗೆ ದೊರೆಯಬಹುದಾದ ಉಪದೇಶ ಅತ್ಯಲ್ಪ. ಅದೇ ಉದ್ಯಮಿ ತನ್ನ ಮೊದಲ ನಾಲ್ಕಾರು ವರ್ಷಗಳಲ್ಲಿ ಏನನ್ನು ಬಲ್ಲವನಾಗಿದ್ದ, ಯಾರಿಗೆ ಏನನ್ನು ಮಾರಿದ, ಎಷ್ಟು ಹಣವನ್ನು ತೊಡಗಿಸಿದ, ಮುಗ್ಗರಿಸಿದಾಗ ಏನು ಮಾಡಿದ ಎಂಬ ವಿವರಗಳೇ ವಿದ್ಯಾರ್ಥಿಯ ಪಠ್ಯವಾಗತಕ್ಕವು.

ಈ ದೃಷ್ಟಿಯಿಂದ ನಮ್ಮ ನಾಡಿನ ಉದ್ಯಮಿಗಳ ಆರಂಭಕಾಲವನ್ನು ಪರಿಶೀಲಿಸಿದರೆ ಒಂದು ಕ್ರಮ ಗೋಚರವಾಗುತ್ತದೆ: ಮೊದಲು ಕಸುಬಿನ ಜ್ಞಾನ, ಅದರ ಬೆನ್ನಿಗೆ ಗಿರಾಕಿಯ ನಿಕಟ ಪರಿಚಯ, ತರುವಾಯ ಕಟ್ಟುನಿಟ್ಟಾದ ಲೆಕ್ಕ, ಎಲ್ಲಕ್ಕೂ ಕೊನೆಯಲ್ಲಿ ದೊಡ್ಡ ಬಂಡವಾಳ. ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ಈ ಕ್ರಮವನ್ನು ತಲೆಕೆಳಗು ಮಾಡಿ, ಹಣ ಹೂಡುವವರನ್ನು ಹುಡುಕುವುದೇ ಉದ್ಯಮದ ಪ್ರಥಮ ಕರ್ತವ್ಯವೆಂದು ಭಾವಿಸಿರುವುದರಿಂದ, ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ವಿವೇಚಿಸುವುದು ಅನುಚಿತವಾಗದು.

ಕಸುಬಿನ ಜ್ಞಾನವೇ ಮೂಲಧನ

ಬಯೋಕಾನ್ ಸಂಸ್ಥೆಯ ಸ್ಥಾಪಕಿ ಕಿರಣ್ ಮಜುಂದಾರ್ ಷಾ ಅವರು 1978ರಲ್ಲಿ ಬೆಂಗಳೂರಿನ ಬಾಡಿಗೆಯ ಮನೆಯೊಂದರ ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿಗಳೊಡನೆ ಕೆಲಸ ಪ್ರಾರಂಭಿಸಿದರೆಂಬ ಸಂಗತಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಆ ಗ್ಯಾರೇಜನ್ನು ಪ್ರವೇಶಿಸುವುದಕ್ಕೆ ಮೊದಲೇ ಅವರು ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದು, ಆಸ್ಟ್ರೇಲಿಯಕ್ಕೆ ತೆರಳಿ, ಬಿಯರ್ ತಯಾರಿಕೆಯ ಶಾಸ್ತ್ರವನ್ನು ಕ್ರಮಬದ್ಧವಾಗಿ ಅಭ್ಯಾಸ ಮಾಡಿ ಬಂದಿದ್ದರೆಂಬುದನ್ನು ನೆನೆಯುವವರು ಕಡಿಮೆ. ಸ್ವದೇಶಕ್ಕೆ ಮರಳಿದಾಗ, ಹೆಂಗಸೆಂಬ ಕಾರಣದಿಂದ ಬಿಯರ್ ಕಾರ್ಖಾನೆಗಳಲ್ಲಿ ಅವರ ವಿದ್ಯೆಗೆ ತಕ್ಕ ಅಧಿಕಾರಸ್ಥಾನ ದೊರೆಯದೆ ಹೋಯಿತು. ಆದರೆ ಹುದುಗುವಿಕೆಯ ಶಾಸ್ತ್ರ ಅವರ ಕೈಯಲ್ಲಿಯೇ ಉಳಿದಿತ್ತಷ್ಟೆ. ಅದನ್ನೇ ಕಿಣ್ವಗಳ ತಯಾರಿಕೆಗೆ ತಿರುಗಿಸಿ, ಪರಂಗಿಹಣ್ಣಿನಿಂದ ಪಪೈನ್ ಎಂಬ ಕಿಣ್ವವನ್ನೂ ಬಿಯರನ್ನು ತಿಳಿಗೊಳಿಸಲು ಉಪಯೋಗವಾಗುವ ಮೀನಿನ ಅಂಟನ್ನೂ ಸಿದ್ಧಪಡಿಸಿ, ಮರುವರ್ಷವೇ ಅಮೆರಿಕ ಮತ್ತು ಯೂರೋಪುಗಳಿಗೆ ರಫ್ತು ಮಾಡಿದರು. ಉದ್ಯೋಗ ಕೈತಪ್ಪಬಹುದು, ಸ್ವಾಧೀನವಾದ ವಿದ್ಯೆ ಕೈತಪ್ಪದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈ ಜ್ಞಾನ ವಿಶ್ವವಿದ್ಯಾಲಯದಿಂದಲೇ ಬರಬೇಕೆಂಬ ನಿಯಮವೇನೂ ಇಲ್ಲ. ಮೂಲ್ಕಿಯ ಕಡೆಯ ಹಣ್ಣಿನ ವ್ಯಾಪಾರಿಯೊಬ್ಬರ ಮಗನಾದ ರಘುನಂದನ ಕಾಮತರು ಮುಂಬಯಿಯ ಜುಹೂ ಪ್ರದೇಶದಲ್ಲಿ 1984ರಲ್ಲಿ ‘ನ್ಯಾಚುರಲ್ಸ್’ ಐಸ್‌ಕ್ರೀಮ್ ಅಂಗಡಿಯನ್ನು ತೆರೆದಾಗ, ಅವರ ಬಳಿ ಇದ್ದ ಅತ್ಯಮೂಲ್ಯವಾದ ಆಸ್ತಿಯೆಂದರೆ ಹಣ್ಣು ಹದವಾಗಿ ಪಕ್ವವಾಗಿದೆಯೆ ಎಂಬುದನ್ನು ಕಂಡು, ಮುಟ್ಟಿ ಹೇಳಬಲ್ಲ ಪರಿಣತಿ. ಅದನ್ನು ತಂದೆಯ ಜೊತೆಗಿದ್ದುಕೊಂಡೇ ಅವರು ಬಾಲ್ಯದಲ್ಲಿ ಸಂಪಾದಿಸಿದ್ದರು. ಸೀತಾಫಲದ, ಎಳನೀರಿನ ಐಸ್‌ಕ್ರೀಮುಗಳು ಪ್ರಸಿದ್ಧವಾದದ್ದು ಅನಂತರದ ಮಾತು.

ಆದಕಾರಣ ವಿದ್ಯಾರ್ಥಿ ಮೊತ್ತಮೊದಲು ಮಾಡತಕ್ಕ ಕೆಲಸವೆಂದರೆ, ತಾನು ಪ್ರವೇಶಿಸಬೇಕೆಂದಿರುವ ಕಸುಬಿನಲ್ಲಿ ಒಂದು ಬೇಸಗೆಯ ರಜೆಯನ್ನಾದರೂ ಕೂಲಿಯವನಾಗಿಯೋ ಸಹಾಯಕನಾಗಿಯೋ ಕಳೆಯುವುದು. ಬೇಕರಿಯನ್ನು ತೆರೆಯಬೇಕೆನ್ನುವವನು ಬೆಳಗಿನ ಜಾವ ಹಿಟ್ಟು ಕಲಸುವವರ ಬಳಿ ನಿಂತಿರಬೇಕು. ಸಿದ್ಧ ಉಡುಪುಗಳನ್ನು ಮಾರಬೇಕೆನ್ನುವವಳು ಬಟ್ಟೆಯ ಸಗಟು ಅಂಗಡಿಯಲ್ಲಿ ಥಾನುಗಳನ್ನು ಅಳೆದಿರಬೇಕು. ಅಲ್ಲಿ ಗಮನಿಸಬೇಕಾದ ವಿಷಯಗಳು ಐದು: ಸರಕು ಎಲ್ಲಿಂದ ಯಾವ ದರಕ್ಕೆ ಬರುತ್ತದೆ, ಎಷ್ಟು ಭಾಗ ಕೆಟ್ಟು ಅಥವಾ ಉಳಿದು ನಷ್ಟವಾಗುತ್ತದೆ, ಯಾವ ಋತುವಿನಲ್ಲಿ ವ್ಯಾಪಾರ ಏರುತ್ತದೆ, ಯಾವಾಗ ಇಳಿಯುತ್ತದೆ, ಹಣ ನಗದಾಗಿ ಬರುತ್ತದೆಯೋ ಉದ್ರಿಯಾಗಿ ನಿಲ್ಲುತ್ತದೆಯೋ, ಗಿರಾಕಿ ಯಾವ ಕಾರಣಕ್ಕೆ ಬೇಸರಗೊಂಡು ಮುಂದಿನ ಅಂಗಡಿಗೆ ಹೋಗುತ್ತಾನೆ. ಈ ಐದು ಪ್ರಶ್ನೆಗಳಿಗೆ ಅನುಭವದಿಂದ ಉತ್ತರ ದೊರೆಯುವ ಮುನ್ನ ಸಾಲ ಮಾಡುವುದು ಅವಿವೇಕ.

ಗಿರಾಕಿಯ ಜೀವನಕ್ರಮವನ್ನು ಅರಿಯುವ ಬಗೆ

ಎರಡನೆಯ ಪಾಠಕ್ಕಾಗಿ ನಾವು ಸುಮಾರು ಒಂದು ಶತಮಾನದ ಹಿಂದಿನ ಉಡುಪಿಗೆ ಹೋಗಬೇಕು. ಕೈಮಗ್ಗದ ಉದ್ಯಮ ಸಂಕಟದಲ್ಲಿದ್ದು ನೇಕಾರರು ಹಣದ ಅಭಾವದಿಂದ ಕಂಗೆಟ್ಟಿದ್ದ ಕಾಲದಲ್ಲಿ, ವ್ಯಾಪಾರಿಗಳಾದ ಉಪೇಂದ್ರ ಅನಂತ ಪೈ, ಎಂಜಿನಿಯರರಾದ ವಾಮನ ಕುಡ್ವ, ವೈದ್ಯರಾದ ಡಾ. ಟಿ. ಎಂ. ಎ. ಪೈ, ಈ ಮೂವರು ಸೇರಿ 1925ರಲ್ಲಿ ಎಂಟು ಸಾವಿರ ರೂಪಾಯಿಗಳ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಪ್ರಖ್ಯಾತವಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅಂದಿನ ಬ್ಯಾಂಕುಗಳು ಉಳ್ಳವರಿಗಾಗಿ ಇದ್ದವು. ದಿನಗೂಲಿಯ ಕಾರ್ಮಿಕನಾಗಲಿ ಬೀಡಾ ಅಂಗಡಿಯವನಾಗಲಿ ತಿಂಗಳ ಕೊನೆಯಲ್ಲಿ ದೊಡ್ಡ ಮೊತ್ತವನ್ನು ಒಯ್ದು ಬ್ಯಾಂಕಿನಲ್ಲಿಡುವುದು ಅಸಾಧ್ಯವಾಗಿತ್ತು, ಏಕೆಂದರೆ ದಿನದಿನವೂ ಕೈಗೆ ಬಂದ ಹಣ ದಿನದಿನವೂ ಖರ್ಚಾಗುತ್ತಿತ್ತು. ಈ ಸೂಕ್ಷ್ಮವನ್ನು ಗ್ರಹಿಸಿದ ಸಂಸ್ಥಾಪಕರು 1928ರಲ್ಲಿ ಪಿಗ್ಮಿ ಠೇವಣಿ ಎಂಬ ಯೋಜನೆಯನ್ನು ಜಾರಿಗೆ ತಂದು, ಏಜೆಂಟರನ್ನು ಪ್ರತಿದಿನವೂ ಜನರ ಮನೆಬಾಗಿಲಿಗೆ ಕಳುಹಿಸಿ, ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸಲಾರಂಭಿಸಿದರು. ಹಣ ಬರುವ ದಿನವೇ ಹಣವನ್ನು ಕೂಡಿಡುವ ಏರ್ಪಾಡಾದದ್ದರಿಂದ, ಬಡವನೆಂದು ಇತರರು ಕಡೆಗಣಿಸಿದ್ದವನೇ ಈ ಬ್ಯಾಂಕಿನ ಆಧಾರಸ್ತಂಭನಾದ.

ಇಲ್ಲಿ ಹೊಸ ಯಂತ್ರವೇನೂ ಇರಲಿಲ್ಲ, ಅಪೂರ್ವವಾದ ಶೋಧವೇನೂ ಇರಲಿಲ್ಲ. ಇದ್ದದ್ದು ಗಿರಾಕಿಯ ದಿನಚರಿಯ ಯಥಾರ್ಥಜ್ಞಾನ. ಆದುದರಿಂದ ನವೀನವಾದ ಕಲ್ಪನೆಗಾಗಿ ತಲೆಯನ್ನು ಕೆಡಿಸಿಕೊಳ್ಳುವುದಕ್ಕಿಂತ, ತನ್ನ ಸುತ್ತಲಿನ ಇಪ್ಪತ್ತು ಮೂವತ್ತು ಜನರ ದಿನಚರಿಯನ್ನು ವಿಚಾರಿಸಿ ಬರೆದುಕೊಳ್ಳುವುದು ವಿದ್ಯಾರ್ಥಿಗೆ ಹೆಚ್ಚು ಫಲಕಾರಿ. ಆದರೆ ವಿಚಾರಿಸುವಾಗ ಒಂದು ಎಚ್ಚರಿಕೆ ಅವಶ್ಯ. ‘ನಾನು ಇಂಥದೊಂದು ವಸ್ತುವನ್ನು ಮಾಡಿದರೆ ನೀವು ಕೊಳ್ಳುವಿರಾ?’ ಎಂದು ಕೇಳಿದರೆ, ನಮ್ಮ ಜನ ದಾಕ್ಷಿಣ್ಯಪರರಾದುದರಿಂದ, ‘ಓಹೋ, ಅವಶ್ಯವಾಗಿ’ ಎಂದೇ ಉತ್ತರ ಕೊಡುತ್ತಾರೆ. ಆ ಉತ್ತರವನ್ನು ನಂಬಿ ಸರಕು ತಯಾರಿಸಿದವನು ಸರಕಿನೊಡನೆ ಮನೆಯಲ್ಲಿಯೇ ಉಳಿಯುತ್ತಾನೆ. ‘ಈ ಕೆಲಸವನ್ನು ಈಗ ಹೇಗೆ ಮಾಡಿಕೊಳ್ಳುತ್ತೀರಿ? ಕಳೆದ ತಿಂಗಳು ಅದಕ್ಕೆ ಎಷ್ಟು ಖರ್ಚಾಯಿತು? ಅದರಲ್ಲಿ ನಿಮಗೆ ತೊಂದರೆಯೆನಿಸುವುದು ಯಾವುದು?’ ಎಂದು ಕೇಳತಕ್ಕದ್ದು. ಕೊನೆಯಲ್ಲಿ ಸ್ವಲ್ಪ ಮುಂಗಡ ಕೊಡಲು ಸಿದ್ಧರಿದ್ದಾರೆಯೆ ಎಂದು ನೋಡಬೇಕು. ಹತ್ತು ಜನರ ಹೊಗಳಿಕೆಗಿಂತ ಒಬ್ಬನು ಕೊಟ್ಟ ಐವತ್ತು ರೂಪಾಯಿ ಮುಂಗಡ ಹೆಚ್ಚು ಪ್ರಾಮಾಣಿಕವಾದ ಸಾಕ್ಷ್ಯ.

ಅಲ್ಪಾರಂಭದ ವಿವೇಕ

ಗದಗಿನಲ್ಲಿ ಮುದ್ರಣದ ವ್ಯವಹಾರವಿದ್ದ ಕುಟುಂಬದಲ್ಲಿ ಹುಟ್ಟಿದ ವಿಜಯ ಸಂಕೇಶ್ವರರು 1976ರಲ್ಲಿ ಸಾಗಾಣಿಕೆಯ ಉದ್ಯಮಕ್ಕೆ ಇಳಿದಾಗ ಅವರ ಬಳಿ ಇದ್ದುದು ಒಂದೇ ಒಂದು ಲಾರಿ. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರುಗಳಿಗೆ ಸೇವೆ ವಿಸ್ತರಿಸಿದ್ದು ಕ್ರಮಕ್ರಮವಾಗಿ. 1981ರಲ್ಲಿ ಪುಣೆಯಲ್ಲಿ ಏಳು ಮಂದಿ ಎಂಜಿನಿಯರುಗಳು ಇನ್ಫೋಸಿಸ್ಸನ್ನು ಸ್ಥಾಪಿಸಿದಾಗ, ಅವರಲ್ಲೊಬ್ಬರಾದ ಎನ್. ಆರ್. ನಾರಾಯಣಮೂರ್ತಿಯವರ ಪತ್ನಿ ಸುಧಾ ಮೂರ್ತಿಯವರು ತಮ್ಮ ಉಳಿತಾಯದಿಂದ ಕೊಟ್ಟ ಹತ್ತು ಸಾವಿರ ರೂಪಾಯಿಗಳೇ ಅದರ ಆದಿಧನ. ಗಣಕಯಂತ್ರಗಳಿಗೆ ಕ್ರಮವಿಧಿಗಳನ್ನು ಬರೆಯುವುದೇ ಕಸುಬಾಗಿದ್ದ ಆ ಸಂಸ್ಥೆಯ ಬಳಿ ಮೊದಲಲ್ಲಿ ಸ್ವಂತ ಗಣಕಯಂತ್ರವೇ ಇರಲಿಲ್ಲವೆಂಬುದು ಇಂದು ಆಶ್ಚರ್ಯವಾಗಿ ಕಾಣಬಹುದು. ವಿದೇಶದಿಂದ ಯಂತ್ರವನ್ನು ತರಿಸಲು ಅಂದು ಬೇಕಾಗಿದ್ದ ಪರವಾನಗಿ ಸುಲಭವಾಗಿ ದೊರೆಯುವಂಥದಾಗಿರಲಿಲ್ಲ. ಆದ್ದರಿಂದ ಸಂಸ್ಥಾಪಕರಲ್ಲಿ ಹಲವರು ಅಮೆರಿಕದ ಗಿರಾಕಿಯ ಕಚೇರಿಗೇ ತೆರಳಿ ಅಲ್ಲಿನ ಯಂತ್ರಗಳ ಮೇಲೆ ಕೆಲಸ ಮಾಡಿದರು. ಮೊದಲು ಪರಿಶ್ರಮವನ್ನು ಮಾರಿ, ಅದರಿಂದ ಬಂದ ಹಣದಿಂದ ಅನಂತರ ಯಂತ್ರವನ್ನು ಕೊಳ್ಳುವ ಈ ಪದ್ಧತಿ ವಿದ್ಯಾರ್ಥಿಗಳಿಗೆ ಅತ್ಯಂತ ಅನುಕರಣೀಯವಾದದ್ದು.

ಕಾಮತರ ಅಂಗಡಿಯ ವಿಷಯದಲ್ಲಿಯೂ ಒಂದು ಸ್ವಾರಸ್ಯವುಂಟು. ಕೇವಲ ಐಸ್‌ಕ್ರೀಮನ್ನು ನಂಬಿ ಜನ ಬರುವರೋ ಇಲ್ಲವೋ ಎಂಬ ಸಂಶಯವಿದ್ದುದರಿಂದ ಅವರು ಮೊದಲಲ್ಲಿ ಪಾವ್‌ಭಾಜಿಯನ್ನೂ ಮಾರಿದರು. ಖಾರದ ತಿಂಡಿ ತಿಂದವರು ತಂಪನ್ನು ಬಯಸುವುದು ಸಹಜವಷ್ಟೆ. ಐಸ್‌ಕ್ರೀಮಿಗಾಗಿಯೇ ಬರುವ ಗಿರಾಕಿಗಳು ಸಾಕಷ್ಟಾದ ಮೇಲೆ ಪಾವ್‌ಭಾಜಿಯನ್ನು ನಿಲ್ಲಿಸಿಬಿಟ್ಟರು. ನಿತ್ಯದ ಖರ್ಚನ್ನು ತೂಗಿಸುವ ಒಂದು ಪರಿಚಿತ ವಸ್ತು, ಅದರ ಆಶ್ರಯದಲ್ಲಿ ಬೆಳೆಯುವ ಒಂದು ಹೊಸ ವಸ್ತು, ಈ ಜೋಡಿಯನ್ನು ಯಾವ ಊರಿನಲ್ಲಿಯೂ ಅನುಸರಿಸಬಹುದು.

ಕಿರ್ದಿ ಮತ್ತು ಖಾತೆ

ಉತ್ಸಾಹಿಗಳಾದ ತರುಣರು ಬಹುಶಃ ಎಲ್ಲಕ್ಕಿಂತ ಹೆಚ್ಚಾಗಿ ಉಪೇಕ್ಷಿಸುವ ವಿಷಯವೆಂದರೆ ಲೆಕ್ಕ. ನಮ್ಮ ಹಳೆಯ ವರ್ತಕರು ದಿನದ ವಹಿವಾಟನ್ನು ಕಿರ್ದಿಯಲ್ಲಿ ಬರೆಯದೆ ದೀಪವಾರಿಸುತ್ತಿರಲಿಲ್ಲ. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು ಖಾತೆಯಲ್ಲಿ ಪ್ರತ್ಯೇಕವಾಗಿ ಕಾಣಿಸುತ್ತಿದ್ದರು. ಇಂದು ಅದೇ ಕೆಲಸವನ್ನು ಮೊಬೈಲಿನಲ್ಲಿ ಮಾಡಬಹುದಾದರೂ ತತ್ತ್ವದಲ್ಲಿ ಭೇದವಿಲ್ಲ.

ದೃಷ್ಟಾಂತಕ್ಕಾಗಿ, ವಿಜಯಪುರದ ಕಡೆಯಿಂದ ಬೆಂಗಳೂರಿಗೆ ಓದಲು ಬಂದ ವಿದ್ಯಾರ್ಥಿನಿಯೊಬ್ಬಳು ತಾಯಿ ಮಾಡುವ ಶೇಂಗಾ ಚಟ್ನಿಪುಡಿಯನ್ನು ಪೊಟ್ಟಣ ಕಟ್ಟಿ, ಕಿರಾಣಿ ಅಂಗಡಿಗಳ ಮೂಲಕ ಮಾರುತ್ತಾಳೆಂದು ಭಾವಿಸೋಣ. ಪೊಟ್ಟಣದ ಬೆಲೆ 80 ರೂಪಾಯಿ. ಶೇಂಗಾ, ಮೆಣಸಿನಪುಡಿ, ಬೆಳ್ಳುಳ್ಳಿ, ಜೀರಿಗೆ ಮೊದಲಾದವುಗಳಿಗೆ 36, ಪೊಟ್ಟಣ ಮತ್ತು ಚೀಟಿಗೆ 6, ಸಾಗಾಣಿಕೆಗೆ 5, ಅಂಗಡಿಯವನ ಕಮಿಷನ್ ನೂರಕ್ಕೆ 20ರಂತೆ 16, ಒಟ್ಟು 63 ರೂಪಾಯಿ. ಪೊಟ್ಟಣವೊಂದಕ್ಕೆ 17 ರೂಪಾಯಿ ಉಳಿಯಿತು. ಇದನ್ನೇ ಲಾಭವೆಂದು ಭ್ರಮಿಸುವವರು ಅನೇಕರು. ಆದರೆ ಸಹಾಯಕ್ಕೆ ಬರುವ ಹೆಂಗಸಿನ ಸಂಬಳ, ದೂರವಾಣಿ ಮುಂತಾಗಿ, ಪೊಟ್ಟಣ ಒಂದೂ ಮಾರದಿದ್ದರೂ ತಿಂಗಳಿಗೆ 4,250 ರೂಪಾಯಿ ಖರ್ಚಿದ್ದರೆ, ಅದನ್ನು 17ರಿಂದ ಭಾಗಿಸಿದಾಗ 250 ಪೊಟ್ಟಣಗಳಾಗುತ್ತವೆ. ಎಂದರೆ ತಿಂಗಳಿಗೆ ಇನ್ನೂರ ಐವತ್ತು ಪೊಟ್ಟಣಗಳು ಮಾರಾಟವಾಗುವವರೆಗೆ ಆಕೆಗೆ ದೊರೆಯುವುದು ಶೂನ್ಯ. ಇನ್ನೂರ ಐವತ್ತೊಂದನೆಯದರಿಂದ ಲಾಭದ ಆರಂಭ.

ಇಷ್ಟಕ್ಕೇ ಲೆಕ್ಕ ಮುಗಿಯಲಿಲ್ಲ. ಅಂಗಡಿಯವನು ಹಣವನ್ನು ಒಂದು ತಿಂಗಳು ತಡವಾಗಿ ಕೊಡುವವನಾದರೆ, ಆ ಇನ್ನೂರ ಐವತ್ತು ಪೊಟ್ಟಣಗಳಿಗೆ, ಅಂಗಡಿಯವನ ಕಮಿಷನ್ ಬಿಟ್ಟು, ತಲಾ 47 ರೂಪಾಯಿಯಂತೆ 11,750 ರೂಪಾಯಿಗಳನ್ನೂ ತಿಂಗಳ ಖರ್ಚಾದ 4,250 ರೂಪಾಯಿಗಳನ್ನೂ, ಒಟ್ಟು 16,000 ರೂಪಾಯಿಗಳನ್ನು, ಆಕೆ ಮೊದಲೇ ತನ್ನ ಕೈಯಿಂದ ಹಾಕಿರಬೇಕು. ಕಾಗದದ ಮೇಲೆ ನಷ್ಟವಿಲ್ಲದ ವ್ಯಾಪಾರವೂ ಕೈಯಲ್ಲಿ ಹಣವಿಲ್ಲದೆ ನಿಂತುಹೋಗುವುದು ಈ ಕಾರಣದಿಂದಲೇ. ಆದ್ದರಿಂದ ಮೊದಲ ವರ್ಷದಲ್ಲಿ ಉದ್ರಿಯನ್ನು ಆದಷ್ಟು ಮಟ್ಟಿಗೆ ನಿರಾಕರಿಸಬೇಕು. ಅನಿವಾರ್ಯವಾದರೆ ಅವಧಿಯನ್ನೂ ಮೊತ್ತವನ್ನೂ ಬರವಣಿಗೆಯಲ್ಲಿ ನಿಗದಿಪಡಿಸಬೇಕು. ತಗಾದೆ ಮಾಡುವುದಕ್ಕೆ ಸಂಕೋಚಪಡಬಾರದು. ವ್ಯಾಪಾರಕ್ಕೆಂದೇ ಪ್ರತ್ಯೇಕವಾದ ಬ್ಯಾಂಕ್ ಖಾತೆಯನ್ನಿಟ್ಟು, ಅದರಿಂದ ಸ್ವಂತ ಖರ್ಚಿಗೆ ಹಣ ತೆಗೆಯುವುದಾದರೆ ತನ್ನ ಹೆಸರಿಗೆ ಖರ್ಚು ಬರೆದೇ ತೆಗೆಯಬೇಕು. ತನ್ನ ಶ್ರಮಕ್ಕೂ ತಾಯಿಯ ಶ್ರಮಕ್ಕೂ ಇಷ್ಟೆಂದು ಕೂಲಿ ಕಟ್ಟದಿದ್ದರೆ, ಮನೆಯವರ ಬಿಟ್ಟಿ ದುಡಿಮೆಯನ್ನೇ ಲಾಭವೆಂದು ಎಣಿಸಿದ ಹಾಗಾಗುತ್ತದೆ.

ಪಾಲುದಾರರ ಆಯ್ಕೆ

ಉಡುಪಿಯ ಆ ಮೂವರು ಸಂಸ್ಥಾಪಕರಲ್ಲಿ ಒಬ್ಬರು ವ್ಯಾಪಾರಿ, ಒಬ್ಬರು ಎಂಜಿನಿಯರ್, ಒಬ್ಬರು ವೈದ್ಯ ಎಂಬುದನ್ನು ಮತ್ತೊಮ್ಮೆ ಗಮನಕ್ಕೆ ತರಬಯಸುತ್ತೇನೆ. ವಿದ್ಯಾರ್ಥಿಗಳಾದರೋ ಸಾಮಾನ್ಯವಾಗಿ ಒಂದೇ ತರಗತಿಯ, ಒಂದೇ ವಿದ್ಯೆಯ, ಒಂದೇ ಸ್ವಭಾವದ ಗೆಳೆಯರೊಡನೆ ಪಾಲುದಾರಿಕೆ ಮಾಡಿಕೊಳ್ಳುತ್ತಾರೆ. ಪರಿಣಾಮವಾಗಿ ಎಲ್ಲರೂ ಬಲ್ಲ ಕೆಲಸಕ್ಕೆ ನಾಲ್ವರಿದ್ದು, ಮಾರಾಟಕ್ಕಾಗಲಿ ಲೆಕ್ಕಕ್ಕಾಗಲಿ ಒಬ್ಬರೂ ಇಲ್ಲದಂತಾಗುತ್ತದೆ. ಸ್ನೇಹ ಬೇರೆ, ವ್ಯವಹಾರ ಬೇರೆ ಎಂದು ಹಿರಿಯರು ಹೇಳುತ್ತಿದ್ದುದು ಸ್ನೇಹವನ್ನು ಹಗುರಾಗಿ ಕಂಡಲ್ಲ, ಅದನ್ನು ಉಳಿಸಿಕೊಳ್ಳುವ ಉದ್ದೇಶದಿಂದ.

ಕಾನೂನಿನ ಕೆಲವು ಅಂಶಗಳನ್ನು ಇಲ್ಲಿ ತಿಳಿದಿರುವುದು ಕ್ಷೇಮ. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ ಮೇರೆಗೆ, ಬೇರೆ ಕರಾರಿಲ್ಲದಿದ್ದರೆ ಲಾಭ ನಷ್ಟಗಳು ಎಲ್ಲ ಪಾಲುದಾರರಿಗೂ ಸಮಾನ. ಹಗಲಿರುಳು ದುಡಿದವನಿಗೂ ಹೆಸರಿಗೆ ಮಾತ್ರ ಇದ್ದವನಿಗೂ ಪಾಲು ಒಂದೇ. ಮೇಲಾಗಿ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬನೂ ತನ್ನ ಸ್ವಂತ ಆಸ್ತಿಯಿಂದಲೂ ಹೊಣೆಗಾರ. ನೋಂದಣಿ ಕಡ್ಡಾಯವಲ್ಲವಾದರೂ, ನೋಂದಾಯಿಸದ ಪಾಲುದಾರಿಕೆ ಸಂಸ್ಥೆಯು ತನಗೆ ಹಣ ಕೊಡಬೇಕಾದ ಹೊರಗಿನವರ ಮೇಲೆ ಕರಾರಿನ ಆಧಾರದಿಂದ ದಾವೆ ಹೂಡಲಾರದು. ಆದಕಾರಣ ಯಾರು ಎಷ್ಟು ಹಣ ಹಾಕುವರು, ಯಾರು ಯಾವ ಕೆಲಸ ಮಾಡುವರು, ಒಬ್ಬನು ಬಿಟ್ಟುಹೋಗುವುದಾದರೆ ಅವನ ಪಾಲನ್ನು ಹೇಗೆ ಲೆಕ್ಕಹಾಕುವುದು ಎಂಬ ಮೂರು ಸಂಗತಿಗಳನ್ನಾದರೂ ಪತ್ರದಲ್ಲಿ ಬರೆದು ಸಹಿ ಮಾಡಿಯೇ ಮುಂದುವರಿಯತಕ್ಕದ್ದು. ಇನ್ಫೋಸಿಸ್ಸಿನ ಏಳು ಸಂಸ್ಥಾಪಕರಲ್ಲಿಯೂ ಒಬ್ಬರು 1989ರಲ್ಲಿ ಬಿಟ್ಟುಹೋದರು. ಸಂಸ್ಥೆಯನ್ನೇ ಮಾರಿಬಿಡುವ ಪ್ರಸ್ತಾಪವೂ ಬಂದು, ಉಳಿದವರು ಕುಳಿತು ಮಾತಾಡಿ, ಮಾರುವುದು ಬೇಡವೆಂದು ನಿಶ್ಚಯಿಸಿದರು. ಅಗಲಿಕೆ ಅಪಶಕುನವಲ್ಲ, ಅದಕ್ಕೆ ಮುಂಚಿತವಾಗಿ ಏರ್ಪಾಡಿಲ್ಲದಿರುವುದೇ ಅಪಾಯ.

ವಿಘ್ನಗಳು ಬಂದಾಗ

ಎನ್. ಆರ್. ನಾರಾಯಣಮೂರ್ತಿಯವರು ಇನ್ಫೋಸಿಸ್ಸಿಗೆ ಮೊದಲು ಸಾಫ್ಟ್ರಾನಿಕ್ಸ್ ಎಂಬ ಸಂಸ್ಥೆಯನ್ನು ತೆರೆದು, ದೇಶದೊಳಗೆ ಅದರ ಸೇವೆಗೆ ಸಾಕಷ್ಟು ಬೇಡಿಕೆಯಿಲ್ಲದ ಕಾರಣ ಸುಮಾರು ಒಂದೂವರೆ ವರ್ಷದಲ್ಲಿ ಮುಚ್ಚಿದರು. ಎರಡನೆಯ ಬಾರಿ ಅವರು ವಿದ್ಯೆಯನ್ನು ಬದಲಿಸಲಿಲ್ಲ, ಪೇಟೆಯನ್ನು ಬದಲಿಸಿ ವಿದೇಶದ ಗಿರಾಕಿಗಳ ಕಡೆಗೆ ಮುಖಮಾಡಿದರು. ಸೋಲಿನಲ್ಲಿ ಯಾವ ಭಾಗ ಕೆಟ್ಟದ್ದು ಯಾವ ಭಾಗ ಉಳಿಸತಕ್ಕದ್ದು ಎಂದು ವಿಂಗಡಿಸುವ ಈ ಸಾಮರ್ಥ್ಯವೇ ಅನುಭವದ ಸಾರ.

ವಿಘ್ನವೇ ಹೊಸ ದಾರಿಯನ್ನು ತೋರಿದ ಪ್ರಸಂಗಗಳೂ ಉಂಟು. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಉಪಾಹಾರಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಎಂದರೆ ಎಲ್ಲರಿಗೂ ಪರಿಚಿತವಾದ ಎಂ.ಟಿ.ಆರ್., ಎಂದು ಹೆಸರಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ತಲೆದೋರಿದಾಗ ಅಲ್ಲಿ ರವೆಯಿಂದ ಇಡ್ಲಿ ಮಾಡುವ ಪ್ರಯೋಗ ನಡೆದು, ರವೆ ಇಡ್ಲಿ ಎಂಬ ತಿಂಡಿ ಪ್ರಚಾರಕ್ಕೆ ಬಂದಿತು. 1975ರ ತುರ್ತುಪರಿಸ್ಥಿತಿಯಲ್ಲಿ ಹೋಟೆಲುಗಳ ತಿಂಡಿಗೆ ಸರ್ಕಾರ ವಿಧಿಸಿದ ಬೆಲೆಯಲ್ಲಿ ಗುಣಮಟ್ಟವನ್ನು ಉಳಿಸುವುದು ಅಸಾಧ್ಯವಾದಾಗ, ಅವರು ಗುಣಮಟ್ಟವನ್ನು ಇಳಿಸದೆ ಹೋಟೆಲನ್ನೇ ಮುಚ್ಚಿ, ತಮ್ಮ ಪಾಕಜ್ಞಾನವನ್ನು ಮಸಾಲೆಪುಡಿ ಮತ್ತು ರೆಡಿ ಮಿಕ್ಸ್‌ಗಳ ರೂಪದಲ್ಲಿ ಮಾರತೊಡಗಿದರು. ಹೋಟೆಲು ಮತ್ತೆ ತೆರೆದ ಮೇಲೂ ಆ ವ್ಯಾಪಾರ ಬೆಳೆಯುತ್ತ ಹೋಯಿತು.

ಎಲ್ಲ ಕಥೆಗಳೂ ಹೀಗೆ ಮಂಗಳಾಂತವಲ್ಲ. ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು ಸೈನ್ಯದಿಂದ ನಿವೃತ್ತರಾಗಿ, ಬೇಸಾಯ ಮಾಡಿ, ಅನಂತರ 2003ರಲ್ಲಿ ಏರ್ ಡೆಕ್ಕನ್ ಮೂಲಕ ಸಾಮಾನ್ಯರಿಗೆ ವಿಮಾನಯಾನವನ್ನು ಎಟುಕಿಸಿದ್ದು ಅಸಾಧಾರಣವಾದ ಸಾಧನೆ. ಬೆಂಗಳೂರು ಹುಬ್ಬಳ್ಳಿಗಳ ನಡುವಣ ಹಾರಾಟದಿಂದಲೇ ಅದು ಆರಂಭವಾಯಿತು. ಆದರೂ ವೇಗವಾದ ವಿಸ್ತರಣೆ, ತೀರ ಕಡಿಮೆಯ ದರ ಮತ್ತು ತೀವ್ರವಾದ ಪೈಪೋಟಿಗಳ ನಡುವೆ ನಷ್ಟ ಏರಿ, 2007ರಲ್ಲಿ ಯು.ಬಿ. ಸಮೂಹಕ್ಕೆ ಪಾಲು ಮಾರಬೇಕಾಯಿತು. ಮರುವರ್ಷ ಅದು ಕಿಂಗ್‌ಫಿಷರಿನೊಡನೆ ವಿಲೀನವಾಯಿತು. ಗಿರಾಕಿಗಳ ಸಂಖ್ಯೆ ಬೆಳೆಯುವುದು ಒಂದು, ಪ್ರತಿಯೊಬ್ಬ ಗಿರಾಕಿಯಿಂದ ಏನಾದರೂ ಉಳಿಯುವುದು ಮತ್ತೊಂದು. ಮೇಲೆ ಹೇಳಿದ ಚಟ್ನಿಪುಡಿಯ ಲೆಕ್ಕ ವಿಮಾನಕ್ಕೂ ಅನ್ವಯಿಸುತ್ತದೆ.

ನೋಂದಣಿ, ಸಾಲ, ತರಬೇತಿ

ಹದಿನೆಂಟು ವರ್ಷ ತುಂಬದವರು ಮಾಡಿದ ಕರಾರಿಗೆ 1872ರ ಕರಾರು ಅಧಿನಿಯಮದ ಪ್ರಕಾರ ಬಲವಿಲ್ಲ. ಅಂಥವರು ತಂದೆತಾಯಿಗಳ ಹೆಸರಿನಲ್ಲಿ ವ್ಯವಹಾರ ನಡೆಸುವುದು ಯುಕ್ತ. ಆರಂಭಕ್ಕೆ ಏಕಮಾಲೀಕತ್ವ ಸಾಕು. ಕಂಪನಿಯನ್ನು ಸ್ಥಾಪಿಸಿದರೆ ವ್ಯಾಪಾರ ನಡೆಯಲಿ ಬಿಡಲಿ ವರ್ಷವರ್ಷವೂ ವರದಿಗಳನ್ನು ಸಲ್ಲಿಸುವ ಹೊಣೆ ಬರುತ್ತದೆಯಾದ್ದರಿಂದ, ಹೊರಗಿನ ಬಂಡವಾಳ ಬರುವವರೆಗೆ ಅದಕ್ಕೆ ಆತುರಪಡಬೇಕಿಲ್ಲ. ಕಿರು ಮತ್ತು ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿ 2020ರ ಜುಲೈಯಿಂದ ಜಾರಿಯಲ್ಲಿದ್ದು, ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿಯೇ ಆಗುತ್ತದೆ. ಅದಕ್ಕಾಗಿ ದಲ್ಲಾಳಿಗಳಿಗೆ ಹಣ ಕೊಡುವುದು ವ್ಯರ್ಥ. ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆಯ ವ್ಯವಹಾರ 20 ಲಕ್ಷ ರೂಪಾಯಿ ಮೀರಿದರೆ ಜಿ.ಎಸ್.ಟಿ. ನೋಂದಣಿ ಅವಶ್ಯ, ಸರಕನ್ನು ಬೇರೆ ರಾಜ್ಯಗಳಿಗೆ ಮಾರುವುದೇ ಮೊದಲಾದ ಸಂದರ್ಭಗಳಲ್ಲಿ ಈ ಮಿತಿಯೊಳಗಿದ್ದರೂ ಬೇಕಾಗಬಹುದು. ಆಹಾರಪದಾರ್ಥಗಳನ್ನು ತಯಾರಿಸುವವರು, ಮನೆಯಲ್ಲಿಯೇ ತಯಾರಿಸಿದರೂ, ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪಡೆಯಬೇಕು. ಪೊಟ್ಟಣದ ಮೇಲೆ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ಗರಿಷ್ಠ ಬೆಲೆ, ತಯಾರಿಸಿದ ಕಾಲ ಇವು ಇರಲೇಬೇಕು.

ಸಾಲದ ವಿಷಯದಲ್ಲಿ, 2015ರಲ್ಲಿ ಪ್ರಾರಂಭವಾದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿಗಳವರೆಗೂ ‘ಕಿಶೋರ’ ವಿಭಾಗದಲ್ಲಿ 5 ಲಕ್ಷದವರೆಗೂ ಜಾಮೀನು ಆಸ್ತಿಯಿಲ್ಲದೆ ಸಾಲ ದೊರೆಯುತ್ತದೆ. ಕಿರಣ್ ಮಜುಂದಾರರಿಗೆ ಬ್ಯಾಂಕುಗಳು ಮೊದಲು ಸಾಲ ಕೊಡಲು ಹಿಂಜರಿದವು. ವಯಸ್ಸು ಚಿಕ್ಕದು, ಹೆಂಗಸು, ಉದ್ಯಮ ಅಪರಿಚಿತ ಎಂಬವು ಅದಕ್ಕೆ ಕಾರಣಗಳು. ಇಂದಿನ ವಿದ್ಯಾರ್ಥಿಗೂ ಅಂಥ ಹಿಂಜರಿಕೆ ಎದುರಾಗಬಹುದಾದ್ದರಿಂದ, ಬ್ಯಾಂಕಿಗೆ ಹೋಗುವಾಗ ಆರು ತಿಂಗಳ ಕಿರ್ದಿಯನ್ನೂ ಬ್ಯಾಂಕ್ ಖಾತೆಯ ವಿವರಗಳನ್ನೂ ಜೊತೆಗೊಯ್ಯುವುದು ಮೇಲು. ವ್ಯವಸ್ಥಾಪಕರ ಮುಂದೆ ಭಾಷಣಕ್ಕಿಂತ ಅಂಕಿಗಳು ಹೆಚ್ಚು ಮಾತಾಡುತ್ತವೆ.

ತರಬೇತಿ ಬೇಕಾದವರಿಗೆ ನಮ್ಮ ರಾಜ್ಯದಲ್ಲಿ ಉತ್ತಮವಾದ ಅನುಕೂಲವಿದೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳು ಕೂಡಿ 1982ರಲ್ಲಿ ಉಜಿರೆಯಲ್ಲಿ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆಯು ಊಟ ವಸತಿಗಳೊಡನೆ ಉಚಿತವಾಗಿ ಸ್ವಉದ್ಯೋಗದ ತರಬೇತಿ ಕೊಡುತ್ತದೆ. ಅದರ ಮಾದರಿಯಲ್ಲಿಯೇ ಕೇಂದ್ರ ಸರ್ಕಾರವು ದೇಶದ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ಪ್ರೋತ್ಸಾಹಿಸಿದೆ. ಧಾರವಾಡದ ಕರ್ನಾಟಕ ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರವೂ ಇದೇ ಉದ್ದೇಶದ್ದು.

ವಿದ್ಯಾರ್ಥಿಗಳಲ್ಲಿ ವಿಜ್ಞಾಪನೆ

ಓದನ್ನು ಅರ್ಧಕ್ಕೆ ಬಿಟ್ಟು ಕೋಟ್ಯಧೀಶರಾದ ವಿದೇಶದ ಕೆಲವರ ಹೆಸರುಗಳನ್ನು ಕೇಳಿ ಮೋಹಗೊಳ್ಳುವ ತರುಣರುಂಟು. ಮೇಲೆ ಹೆಸರಿಸಿದವರಲ್ಲಿ ಕಿರಣ್ ಮಜುಂದಾರರಾಗಲಿ ನಾರಾಯಣಮೂರ್ತಿಯವರಾಗಲಿ ಡಾ. ಪೈಯವರಾಗಲಿ ತಮ್ಮ ಶಾಸ್ತ್ರವನ್ನು ಪೂರ್ಣವಾಗಿ ಅಭ್ಯಾಸ ಮಾಡಿಯೇ ಉದ್ಯಮಕ್ಕೆ ಇಳಿದರೆಂಬುದನ್ನು ಅವರು ನೆನಪಿನಲ್ಲಿಡಲಿ. ವಿದ್ಯಾರ್ಥಿದೆಸೆ ಉದ್ಯಮಕ್ಕೆ ಅಡ್ಡಿಯಲ್ಲ. ಸಂಸಾರದ ಹೊರೆಯಿಲ್ಲದೆ, ಸಣ್ಣ ನಷ್ಟಗಳನ್ನು ಸಹಿಸಿಕೊಂಡು ಪರೀಕ್ಷಿಸಿ ನೋಡುವುದಕ್ಕೆ ಇದಕ್ಕಿಂತ ಪ್ರಶಸ್ತವಾದ ಕಾಲ ಜೀವನದಲ್ಲಿ ಮತ್ತೆ ಬರುವುದು ದುರ್ಲಭ.

ಆದುದರಿಂದ ಬರುವ ರಜೆಯಲ್ಲಿ ಒಂದು ಕಸುಬನ್ನು ಹತ್ತಿರದಿಂದ ಕಲಿಯಿರಿ; ಮುಂದಿನ ಅರ್ಧವರ್ಷದಲ್ಲಿ, ಕಳೆದುಕೊಂಡರೂ ಚಿಂತೆಯಿಲ್ಲದಷ್ಟು ಹಣದಿಂದ, ಪರಿಚಯವಿಲ್ಲದ ಹತ್ತು ಮಂದಿಗೆ ನಿಮ್ಮ ವಸ್ತುವನ್ನಾಗಲಿ ಸೇವೆಯನ್ನಾಗಲಿ ಪೂರ್ಣ ಬೆಲೆಗೆ ಮಾರಿ ನೋಡಿರಿ; ದಿನವೂ ಕಿರ್ದಿ ಬರೆಯಿರಿ. ಆ ಹತ್ತು ಮಂದಿಯಲ್ಲಿ ನಾಲ್ವರಾದರೂ ತಾವಾಗಿ ಎರಡನೆಯ ಸಲ ಬಂದು ಕೊಂಡರೆ ಉದ್ಯಮವನ್ನು ವಿಸ್ತರಿಸುವ ಯೋಚನೆ ಮಾಡಿರಿ. ಬಾರದಿದ್ದರೆ ಏಕೆ ಬರಲಿಲ್ಲವೆಂದು ಅವರನ್ನೇ ಕೇಳಿ ತಿದ್ದಿಕೊಳ್ಳಿರಿ. ಸಾಲದ ಅರ್ಜಿಗೆ ಸಹಿ ಹಾಕುವುದು ಅದಾದ ಮೇಲಿನ ಕೆಲಸ.